ನಿಮಗಿದು ಗೊತ್ತೆ? ಚಂಡಮಾರುತದ ಸಾವಿನಲ್ಲೂ ಹೆಂಗಸರೇ ಹೆಚ್ಚು!

1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಕರಾವಳಿಗೆ ಅಪ್ಪಳಿಸಿದ ಚಂಡಮಾರುತಕ್ಕೆ ಸುಮಾರು 1.4 ಲಕ್ಷ ಜನ ಬಲಿಯಾದರು. ಸತ್ತವರ ಲೆಕ್ಕವನ್ನು ಗಂಡು, ಹೆಣ್ಣು ಎಂದು ಬಿಡಿಸಿ ನೋಡಿದಾಗ ದಿಗಿಲು ಹುಟ್ಟಿಸುವ ಅಂಕಿ ಸಿಕ್ಕಿತು. 20ರಿಂದ 44ರ ವಯಸ್ಸಿನ ಸಾವಿರ ಗಂಡಸರಲ್ಲಿ 15 ಮಂದಿ ಸತ್ತಿದ್ದರೆ, ಸಾವಿರ ಹೆಂಗಸರಲ್ಲಿ 71!

ಬಿರುಗಾಳಿ ಯಾರನ್ನೂ ಆರಿಸಿ ಹೊಡೆಯುವುದಿಲ್ಲ, ನಿಜ. ಆದರೆ ಎಚ್ಚರಿಕೆಯ ಸುದ್ದಿ ಬಜಾರಿನಲ್ಲಿ ಗಂಡಸರಿಂದ ಗಂಡಸರಿಗೆ ಹಬ್ಬಿತ್ತು. ಮನೆಯೊಳಗಿದ್ದವರಿಗೆ ತಲುಪಿದ್ದು ತಡವಾಗಿ, ಕೆಲವೆಡೆ ತಲುಪಲೇ ಇಲ್ಲ. ಗಂಡನ ಅಪ್ಪಣೆಯಿಲ್ಲದೆ ಹೊರಡಲು ಹಿಂಜರಿದವರಿದ್ದರು. ಕಂಕುಳಲ್ಲಿ ಮಗು, ಕಾಲಿಗೆ ತೊಡರುವ ಸೀರೆ, ಈಜು ಬಾರದು. ಆಸರೆ ಕಟ್ಟಡಗಳಿಗೆ ಹೋಗೋಣವೆಂದರೆ ಅಲ್ಲಿ ಹೆಂಗಸರಿಗೆ ಬೇರೆ ಜಾಗವಾಗಲಿ, ಶೌಚಾಲಯವಾಗಲಿ ಇರುತ್ತಿದ್ದುದು ಅಪರೂಪ.

ಒಟ್ಟು ಸಾವಿನ ಸಂಖ್ಯೆಯೊಂದನ್ನೇ ಬರೆದಿಟ್ಟಿದ್ದರೆ ಇದೊಂದೂ ಬೆಳಕಿಗೆ ಬರುತ್ತಿರಲಿಲ್ಲ. ವಿಪತ್ತಿನ ಅಂಕಿಅಂಶಗಳನ್ನು ಲಿಂಗ, ವಯಸ್ಸು, ಅಂಗವೈಕಲ್ಯದ ಪ್ರಕಾರ ಬಿಡಿಸಿ ದಾಖಲಿಸಬೇಕೆಂದು 2015ರಲ್ಲಿ ಜಪಾನಿನ ಸೆಂಡೈನಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು ಒಪ್ಪಿಕೊಂಡವು.

ಬಾಂಗ್ಲಾದೇಶದಲ್ಲಿ ಈಗ ಮನೆಮನೆಗೆ ಚಂಡಮಾರುತದ ಎಚ್ಚರಿಕೆ ಮುಟ್ಟಿಸುವ ಸುಮಾರು 76,000 ಸ್ವಯಂಸೇವಕರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರು.