ನಿಧಾನಕ್ಕೂ ಕಸುವು ಬೇಕು

"ವಯಸ್ಸಾಯಿತು, ಸುಮ್ಮನೆ ಒಂದು ಕಡೆ ಕೂತಿರಿ, ಎಲ್ಲಾದರೂ ಬಿದ್ದುಗಿದ್ದೀರಿ." ಮನೆಯವರು ಕಾಳಜಿಯಿಂದಲೇ ಹೇಳುವ ಮಾತಿದು. ಆದರೆ ಕೂತಷ್ಟೂ ತೊಡೆಯ ಕಸುವು ಇಳಿಯುತ್ತದೆ, ಪಾದದ ಕೀಲು ಬಿಗಿಯುತ್ತದೆ, ಎದ್ದು ಓಡಾಡುವಾಗ ಬೀಳುವ ಅಪಾಯ ಇನ್ನೂ ಹೆಚ್ಚುತ್ತದೆ.

ಹಾಗಾದರೆ ಚೀನಾದ ನಿಧಾನಗತಿಯ ವ್ಯಾಯಾಮ ತೈ ಚಿ ಆದೀತೇ? "ಗಾಳಿಯಲ್ಲಿ ಕೈಯಾಡಿಸುವುದೂ ಒಂದು ವ್ಯಾಯಾಮವೇ?" ಎಂದು ನಗುವವರು ಅದರ ಒಂದೇ ಒಂದು ಹೆಜ್ಜೆ ಇಟ್ಟು ನೋಡಬೇಕು. ಮಂಡಿ ತುಸು ಬಾಗಿಸಿ ಮೈಭಾರವನ್ನೆಲ್ಲ ಎಡಗಾಲಿಗೆ ತನ್ನಿ. ಬಲಗಾಲನ್ನು ಮುಂದಿಟ್ಟು ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿಸಿ, ಭಾರ ಬಿಡಬೇಡಿ. ಆಮೇಲೆ ಹಿಮ್ಮಡಿಯಿಂದ ಬೆರಳಿನವರೆಗೆ ಪಾದ ಊರುತ್ತಾ ಭಾರವನ್ನು ಸ್ವಲ್ಪ ಸ್ವಲ್ಪವೇ ಅತ್ತ ಸಾಗಿಸಿ. ಎಂದಿನ ನಡಿಗೆಯಲ್ಲಿ ವೇಗವೇ ನಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಇಲ್ಲಿ ಆ ಆಸರೆಯಿಲ್ಲ. ಬಾಗಿದ ಒಂದೇ ಕಾಲು ಇಡೀ ಮೈಯನ್ನು ಕೆಲವು ಕ್ಷಣ ಹೊರಬೇಕು. ತೊಡೆ ನಡುಗತೊಡಗಿದಾಗ ನಗು ನಿಲ್ಲುತ್ತದೆ. ಅಂಗಾಲು, ಒಳಕಿವಿ, ಕಣ್ಣು ಕಳಿಸುವ ಸೂಚನೆಗಳನ್ನು ಹೊಂದಿಸಿಕೊಳ್ಳಲು ಮಿದುಳಿಗೂ ಇದೇ ಹೊತ್ತಿನಲ್ಲಿ ಅಭ್ಯಾಸ ಸಿಗುತ್ತದೆ.

"ದಿನಾ ವಾಕಿಂಗ್ ಹೋಗ್ತೀನಿ, ಅಷ್ಟು ಸಾಕು" ಎನ್ನುವವರೂ ಉಂಟು. ನಡಿಗೆ ಹೃದಯಕ್ಕೆ ಹಿತ, ನಿಲ್ಲಿಸಬೇಡಿ. ಆದರೆ ಅದೊಂದೇ ಬೀಳುವುದನ್ನು ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಹಿರಿಯರು ಆಯ ತಪ್ಪುವುದು ನೆಟ್ಟಗೆ ನಡೆಯುವಾಗಷ್ಟೇ ಅಲ್ಲ. ತಟ್ಟನೆ ತಿರುಗುವಾಗ, ಹಿಂದಕ್ಕೆ ಸರಿಯುವಾಗ, ಪಕ್ಕದ ಕಪಾಟಿಗೆ ಕೈ ಚಾಚುವಾಗ. ತೈ ಚಿಯಲ್ಲಿ ಮೋಡದಂತೆ ಕೈ ಬೀಸುವ ಭಂಗಿಗೆ ಪಕ್ಕಕ್ಕೆ ಹೆಜ್ಜೆ, ಕೋತಿಯನ್ನು ಹಿಮ್ಮೆಟ್ಟಿಸುವ ಭಂಗಿಗೆ ಹಿಂದಕ್ಕೆ ಹೆಜ್ಜೆ. ಪಾರ್ಕಿನ ಸುತ್ತು ಹಾಕುವಾಗ ಇವೆರಡೂ ಸಿಗುವುದಿಲ್ಲ.

ನೂರೆಂಟು ಭಂಗಿ ಕಲಿಯಬೇಕೆಂಬ ಅಂಜಿಕೆಯೂ ಬೇಡ. ಚೀನಾದ ಕ್ರೀಡಾ ಆಯೋಗ 1956ರಲ್ಲೇ ತೈ ಚಿಯ ಯಾಂಗ್ ಶೈಲಿಯನ್ನು 24 ಭಂಗಿಗಳಿಗೆ ಇಳಿಸಿತ್ತು. ಅಮೆರಿಕದ ಆರೆಗಾನ್ ಸಂಶೋಧನಾ ಸಂಸ್ಥೆಯ ಫುಝಾಂಗ್ ಲಿ ಅವುಗಳಲ್ಲಿ ಎಂಟನ್ನಷ್ಟೇ ಆರಿಸಿ ಹಿರಿಯರಿಗೆ ಒಗ್ಗಿಸಿದರು. ಕೂತು ಮಾಡುವ, ಕುರ್ಚಿ ಹಿಡಿದು ಮಾಡುವ ಬಗೆಗಳೂ ಇವೆ. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿದ್ದವರು 70 ಮುಟ್ಟಿದ, ಬೀಳುವ ಅಪಾಯ ಹೆಚ್ಚಿದ್ದ 670 ಮಂದಿ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ ಅಭ್ಯಾಸ. ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ತೈ ಚಿ ಗುಂಪಿನಲ್ಲಿ ಬೀಳುವ ಪ್ರಮಾಣ ಶೇ 58ರಷ್ಟು ಕಡಿಮೆ. ಬಲ, ಸಮತೋಲ, ಏರೋಬಿಕ್ಸ್ ಬೆರೆಸಿದ ವ್ಯಾಯಾಮದವರಿಗಿಂತ ಶೇ 31ರಷ್ಟು. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2019ರ ಕಾಕ್ರೇನ್ ವಿಮರ್ಶೆಯ ಅಂದಾಜು ಮಾತ್ರ ಶೇ 19. ಹೊಗಳಿಕೆಯ ಅಬ್ಬರಕ್ಕೆ ಇದು ಸಾಲದು, ನಿಜ. ಸೊಂಟದ ಮೂಳೆ ಮುರಿದು ಮಲಗಿದವರ ಆರೈಕೆ ಮಾಡಿದವರಿಗೆ ಇದೂ ಸಣ್ಣದೆನಿಸದು.

ಇನ್ನು ತೈ ಚಿ ಕಲಿತರೆ ಬೀಳುವುದೇ ಇಲ್ಲ ಎಂಬುದು ಉಲ್ಟಾ ನಂಬಿಕೆ. ಎದ್ದು ನಿಂತೊಡನೆ ಬಿಪಿ ಇಳಿಯುವುದು, ನಿದ್ರೆ ಮಾತ್ರೆಯ ಮಂಪರು, ಕಣ್ಣಿನ ಪೊರೆ, ಇವನ್ನು ವೈದ್ಯರೇ ನೋಡಬೇಕು. ಮನೆಯಲ್ಲಿ ಶುರು ಮಾಡುವವರು ಭಾರದ ಮರದ ಕುರ್ಚಿಯನ್ನು ಹಿಡಿದುಕೊಳ್ಳಲಿ. ಹಗುರ ಪ್ಲಾಸ್ಟಿಕ್ ಕುರ್ಚಿಯಾದರೆ ಅದೂ ನಿಮ್ಮ ಜೊತೆಗೇ ಬೀಳುತ್ತದೆ.