ಸಮಾಲೋಚನೆ: ಮನಸ್ಸಿಗೆ ಮನಸ್ಸು ಶ್ರುತಿಗೂಡುವ ಬಗೆ

"ಸಮಾಲೋಚನೆ ಅಂದರೆ ಬುದ್ಧಿ ಹೇಳೋದು ತಾನೇ?" ಎಂದು ಸ್ವಸಹಾಯ ಸಂಘಗಳ ಸಭೆಗಳಲ್ಲಿ ಹಲವರು ಕೇಳುತ್ತಾರೆ. ಬುದ್ಧಿ ಹೇಳುವವರಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಮನೆಯಲ್ಲಿ ಹಿರಿಯರು ಹೇಳುತ್ತಾರೆ, ನಲ್ಲಿಯ ಹತ್ತಿರ ನೆರೆಯವರು ಹೇಳುತ್ತಾರೆ, ಸಂಘದಲ್ಲಿ ನಾವೂ ಹೇಳುತ್ತೇವೆ. ಆದರೂ ನೋವು ಹೊತ್ತವರ ಭಾರ ಇಳಿಯುವುದಿಲ್ಲ. ಯಾಕೆಂದರೆ ಹೇಳುವವರು ಬಹಳ, ಕೇಳುವವರು ಕಡಿಮೆ.

ತರಬೇತಿ ಪಡೆದ ಆಪ್ತ ಸಮಾಲೋಚಕರು ಮಾಡುವ ಮೊದಲ ಕೆಲಸ ಕೇಳುವುದು. ಬರೀ ಮಾತನ್ನಲ್ಲ, ಮಾತಿನ ಒಳಗಿರುವ ಭಾವನೆಯನ್ನು ಕೇಳುವುದು. ದೇವಾಲಯದ ಗಾಯನವೃಂದದಲ್ಲಿ ಕೀಬೋರ್ಡಿನ ಶ್ರುತಿ ಹಿಡಿದ ಮೇಲೆಯೇ ಹಾಡು ಶುರುವಾಗುತ್ತದೆ. ಸಮಾಲೋಚನೆಯಲ್ಲಿ ಶ್ರುತಿ ಕೊಡುವವರು ನೋವು ಹೊತ್ತು ಬಂದವರು. ಅದಕ್ಕೆ ತನ್ನ ಮನಸ್ಸನ್ನು ಹೊಂದಿಸಿಕೊಳ್ಳಬೇಕಾದವರು ಸಮಾಲೋಚಕರು.

ಈ ವಿಚಾರಕ್ಕೆ ಗಟ್ಟಿ ತಳಹದಿ ಹಾಕಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮುಖ್ಯರು. 1957ರ ಒಂದು ಲೇಖನದಲ್ಲಿ ಅವರು ಸಮಾಲೋಚಕರಿಗೆ ಬೇಕಾದ ಮೂರು ಗುಣಗಳನ್ನು ವಿವರಿಸಿದರು. ಎದುರಿನವರ ಲೋಕವನ್ನು ಅವರ ಕಣ್ಣಿನಿಂದಲೇ ನೋಡುವ ಪರಾನುಭೂತಿ, ಷರತ್ತಿಲ್ಲದ ಗೌರವ, ಮುಖವಾಡವಿಲ್ಲದ ಪ್ರಾಮಾಣಿಕತೆ. ಪರಾನುಭೂತಿ ಬೇರೆ, ಕನಿಕರ ಬೇರೆ. "ಅಯ್ಯೋ ಪಾಪ" ಎನ್ನುವ ಕನಿಕರ ಮೇಲಿನಿಂದ ಕೆಳಗೆ ನೋಡುತ್ತದೆ. ಪರಾನುಭೂತಿ ಪಕ್ಕದಲ್ಲಿ ಬಂದು ಕೂರುತ್ತದೆ.

ಇದು ಹೊಸ ವಿದ್ಯೆಯೇನೂ ಅಲ್ಲ, ಪ್ರತಿ ತಾಯಿಗೂ ಗೊತ್ತಿರುವುದೇ. ಮಗು ಗಿಲಕಿ ಆಡಿಸಿದ ವೇಗಕ್ಕೆ ತಾಯಿ ತಲೆ ಆಡಿಸುತ್ತಾಳೆ. ಮಗುವಿನ ಖುಷಿ ತನಗೆ ತಲುಪಿತು ಅಂತ ಹೀಗೆ ಮಾತಿಲ್ಲದೆ ತಿಳಿಸುತ್ತಾಳೆ. ಮನೋವೈದ್ಯ ಡೇನಿಯಲ್ ಸ್ಟರ್ನ್ 1985ರ ತಮ್ಮ ಪುಸ್ತಕದಲ್ಲಿ ತಾಯಿ-ಮಗುವಿನ ಈ ಭಾವಹೊಂದಾಣಿಕೆಯನ್ನು ವಿವರವಾಗಿ ಬರೆದಿದ್ದಾರೆ.

ಸಮಾಲೋಚಕರು ಇದನ್ನು ಹೇಗೆ ಮಾಡುತ್ತಾರೆ?

1. ಕಣ್ಣಿನಿಂದ ಕೇಳುತ್ತಾರೆ. ಒಬ್ಬ ತಾಯಿ ಬಂದು, "ಏನಿಲ್ಲ ಸಿಸ್ಟರ್, ಎಲ್ಲಾ ಚೆನ್ನಾಗೇ ಇದೆ" ಅಂತಾರೆ ಎಂದಿಟ್ಟುಕೊಳ್ಳಿ. ಆದರೆ ಬೆರಳು ಸೆರಗಿನ ತುದಿಯನ್ನು ತಿರುಚುತ್ತಿದೆ, ದನಿ ಕೆಳಗಿಳಿದಿದೆ. ಬಾಯಿ ಹೇಳಿದ್ದಕ್ಕೂ ಮೈ ಹೇಳಿದ್ದಕ್ಕೂ ತಾಳೆಯಾಗದಿದ್ದಾಗ ಸಮಾಲೋಚಕರು ಅವಸರ ಮಾಡುವುದಿಲ್ಲ. ತಾವೂ ದನಿ ತಗ್ಗಿಸಿ, ನಿಧಾನವಾಗಿ ಮಾತಾಡುತ್ತಾರೆ.

2. ಮೈನೋವಿನ ಮಾತನ್ನು ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ಜನ "ನನಗೆ ದುಃಖ" ಅಂತ ನೇರವಾಗಿ ಹೇಳುವುದು ಅಪರೂಪ. ತಲೆ ಭಾರ, ಎದೆ ಡವಡವ, ಕೈಕಾಲು ಸೋತುಹೋಗುತ್ತೆ, ನಿದ್ದೆ ಇಲ್ಲ ಅಂತಾರೆ. ಇದನ್ನು ಸುಳ್ಳು ಎಂದು ತಳ್ಳಿಹಾಕಬಾರದು. ವೈದ್ಯರಿಗೂ ತೋರಿಸಬೇಕು, ಜೊತೆಗೆ "ಇದು ಯಾವಾಗ ಜಾಸ್ತಿ ಆಗುತ್ತಮ್ಮ?" ಅಂತ ಕೇಳಬೇಕು. "ಸಾಲದವರು ಬರೋ ದಿನ" ಎಂಬ ಉತ್ತರ ಬಂದರೆ ದಾರಿ ತೆರೆಯಿತು.

3. ಭಾವನೆಗೆ ಹೆಸರು ಕೊಡುತ್ತಾರೆ, ಆದರೆ ತೀರ್ಪಾಗಿ ಅಲ್ಲ. "ಅವರು ಕುಡಿದು ಬರ್ತಾರೆ, ಮಕ್ಕಳ ಎದುರೇ ಬೈತಾರೆ" ಎಂದಾಗ, "ನೀವೇ ಸ್ವಲ್ಪ ತಾಳ್ಮೆಯಿಂದಿರಿ" ಎಂದರೆ ಬಾಗಿಲು ಮುಚ್ಚಿದಂತೆ. "ಮಕ್ಕಳ ಮುಂದೆ ಮರ್ಯಾದೆ ಹೋಯಿತಲ್ಲ ಅಂತ ಸಂಕಟ ಆಗುತ್ತೆ, ಅಲ್ವಾ?" ಎಂದರೆ ಅವರಿಗೆ ಅರ್ಥವಾಯಿತು ಎನಿಸುತ್ತದೆ. ಊಹೆ ತಪ್ಪಾಗಿದ್ದರೆ ಅವರೇ ತಿದ್ದುತ್ತಾರೆ: "ಸಂಕಟ ಅಲ್ಲ ಸಿಸ್ಟರ್, ಭಯ." ಆ ತಿದ್ದುಪಡಿ ತುಂಬಾ ಬೆಲೆಯುಳ್ಳದ್ದು. ಸಂಕಟಕ್ಕೆ ಸಾಂತ್ವನ ಬೇಕು, ಭಯಕ್ಕೆ ಮೊದಲು ರಕ್ಷಣೆ ಬೇಕು.

4. ಮೌನಕ್ಕೆ ಜಾಗ ಕೊಡುತ್ತಾರೆ. ಅಳುವವರನ್ನು ಕಂಡರೆ "ಅಳಬೇಡಮ್ಮ, ಸಮಾಧಾನ ಮಾಡ್ಕೊ" ಅನ್ನುವುದು ನಮಗೆ ರೂಢಿ. ಎಷ್ಟೋ ಸಲ ಅದು ಅಳುವವರಿಗಾಗಿ ಅಲ್ಲ, ನೋಡಲಾಗದ ನಮಗಾಗಿ. ಸಮಾಲೋಚಕರು ನೀರಿನ ಲೋಟ ಮುಂದಿಟ್ಟು, ಸುಮ್ಮನೆ ಜೊತೆಗಿರುತ್ತಾರೆ.

5. ತಮ್ಮ ಮನಸ್ಸನ್ನೂ ಗಮನಿಸುತ್ತಾರೆ. ಎದುರಿನವರ ಕಥೆ ಕೇಳುವಾಗ ತಮಗೇ ಸಿಟ್ಟು ಬರಬಹುದು, ಕಣ್ಣು ತುಂಬಬಹುದು. ಇದು ಅವರ ನೋವೋ, ನನ್ನ ಹಳೆಯ ನೋವೋ ಎಂದು ಬಿಡಿಸಿ ನೋಡಬೇಕು. ಎದುರಿನವರ ನೋವನ್ನು ತನ್ನದೆಂಬಂತೆ ಅರಿಯಬೇಕು, ಆದರೆ ತಾನೇ ಮುಳುಗಬಾರದು. ಅದಕ್ಕಾಗಿಯೇ ಸಮಾಲೋಚಕರಿಗೂ ಮಾರ್ಗದರ್ಶನ ನೀಡುವ ಹಿರಿಯರಿರಬೇಕು, ವಿಶ್ರಾಂತಿ ಬೇಕು.

ಶ್ರುತಿ ತಪ್ಪುವುದೂ ಉಂಟು. ಮಾತಿನ ಮಧ್ಯೆ ಬಂದವರು ದಿಢೀರನೆ ಮೌನವಾದರೆ, ಗಡಿಯಾರ ನೋಡಲು ಶುರುಮಾಡಿದರೆ ಅದು ಸೂಚನೆ. ಆಗ "ನಾನು ಹೇಳಿದ್ದು ನಿಮಗೆ ಸರಿಬರಲಿಲ್ಲ ಅನ್ನಿಸುತ್ತೆ, ಹೇಳಿ" ಎಂದು ಕೇಳಿದರೆ ಸಾಕು. ತಾಯಿ-ಮಗುವಿನ ನಡುವೆಯೂ ಹೊಂದಾಣಿಕೆ ಪದೇ ಪದೇ ತಪ್ಪುತ್ತದೆ, ಮತ್ತೆ ಕೂಡುತ್ತದೆ ಎಂದು ಎಡ್ವರ್ಡ್ ಟ್ರಾನಿಕ್ ಅವರ ಅಧ್ಯಯನಗಳು ತೋರಿಸಿವೆ. ಹೀಗೆ ಮತ್ತೆ ಮತ್ತೆ ಕೂಡುವುದರಿಂದಲೇ ನಂಬಿಕೆ ಬೆಳೆಯುತ್ತದೆ.

ಗುಟ್ಟು ಮತ್ತು ಅದರ ಗಡಿ

ಕೇಳಿದ್ದನ್ನು ಹೊರಗೆ ಹೇಳಬಾರದು. ಸಂಘದ ಸಭೆಯಲ್ಲಿ ಹೆಸರಿಲ್ಲದೆ ಹೇಳಿದರೂ ಊರಿಗೆ ಗೊತ್ತಾಗಿಬಿಡುತ್ತದೆ. ಆದರೆ ಸಮಾಲೋಚನೆ ಪಾಪನಿವೇದನೆ ಅಲ್ಲ. ಪಾಪನಿವೇದನೆಯ ಗುಟ್ಟನ್ನು ಗುರುಗಳು ಯಾವ ಕಾರಣಕ್ಕೂ ಬಿಚ್ಚುವಂತಿಲ್ಲ. ಸಮಾಲೋಚನೆಯಲ್ಲಿ ಜೀವಕ್ಕೆ ಅಪಾಯವಿದ್ದರೆ ಬೇರೆಯವರ ನೆರವು ಪಡೆಯಲೇಬೇಕು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಗಡಿಯನ್ನು ಮೊದಲ ದಿನವೇ ಬಂದವರಿಗೆ ಹೇಳಿಬಿಡುವುದು ಪ್ರಾಮಾಣಿಕತೆ.

"ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಹಗುರವಾಗಿ ಬಿಡಬೇಡಿ. "ಸಾಯಬೇಕು ಅನ್ನಿಸಿದೆಯಾ?" ಅಂತ ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ನಂಬಿಕೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಕೀಟನಾಶಕದಂಥವನ್ನು ದೂರವಿಡಿ, ವೈದ್ಯರ ಬಳಿ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತದೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ನಾವೇನು ಮಾಡಬಹುದು?

ನಾವೆಲ್ಲರೂ ಸಮಾಲೋಚಕರಾಗಲು ಸಾಧ್ಯವಿಲ್ಲ. ಆದರೆ ಒಳ್ಳೆಯ ಕೇಳುಗರಾಗಬಹುದು. ಮೊಬೈಲು ಪಕ್ಕಕ್ಕಿಡಿ. ಮಧ್ಯೆ ಬಾಯಿ ಹಾಕಬೇಡಿ. "ನನಗೂ ಹಾಗೇ ಆಗಿತ್ತು" ಎಂದು ನಿಮ್ಮ ಕಥೆ ಶುರುಮಾಡಬೇಡಿ. ಕೇಳಿದ್ದನ್ನು ಒಂದು ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಎಂದು ವಿಚಾರಿಸಿ. ನಿಮ್ಮ ಕೈಮೀರಿದ್ದಾದರೆ ತರಬೇತಿ ಪಡೆದವರ ಬಳಿ ಕಳಿಸಿಕೊಡಿ.

ಸಂತ ಲೂಕರ ಶುಭಸಂದೇಶದ 24ನೇ ಅಧ್ಯಾಯವನ್ನು ಈ ದೃಷ್ಟಿಯಿಂದ ಒಮ್ಮೆ ಓದಿ ನೋಡಿ. ಎಮ್ಮಾವುಸ್ ದಾರಿಯಲ್ಲಿ ಮನಸ್ಸು ಮುರಿದು ನಡೆಯುತ್ತಿದ್ದ ಇಬ್ಬರ ಜೊತೆ ಯೇಸುಸ್ವಾಮಿ ಹೆಜ್ಜೆ ಹಾಕಿದರು. ನಡೆದದ್ದೆಲ್ಲ ಅವರಿಗೆ ತಿಳಿದೇ ಇತ್ತು. ಆದರೂ ಮೊದಲು ಪ್ರಶ್ನೆ ಕೇಳಿದರು, ಅವರ ದುಃಖದ ಕಥೆಯನ್ನು ಪೂರ್ತಿ ಹೇಳಲು ಬಿಟ್ಟರು. ಬೋಧನೆ ಬಂದದ್ದು ಆಮೇಲೆ. ನಮ್ಮ ಮನೆ, ಸಂಘ, ಧರ್ಮಕೇಂದ್ರಗಳಲ್ಲೂ ಈ ಕ್ರಮವೇ ಇರಲಿ: ಜೊತೆ ನಡೆಯೋಣ, ಕೇಳೋಣ, ಆಮೇಲೆ ಮಾತಾಡೋಣ.