ಜೇನು ಸಾಕುವವರ ಸಂಘ

ಅಡಿಕೆ ತೋಟದ ಅಂಚಿನಲ್ಲಿಯೋ ಮನೆಯ ಹಿತ್ತಿಲಿನಲ್ಲಿಯೋ ಇಟ್ಟಿರುವ ಜೇನುಪೆಟ್ಟಿಗೆಯನ್ನು ನೀವು ನೋಡಿರಬಹುದು. ಒಂದು ಪೀಠ, ಅದರ ಕಾಲಿಗೆ ಇರುವೆಗಳು ಹತ್ತದಂತೆ ನೀರು ತುಂಬಿದ ಬಟ್ಟಲು, ಮೇಲೆ ಎರಡು ಅಂತಸ್ತಿನ ಪುಟ್ಟ ಮರದ ಮನೆ, ಬಾಗಿಲಿನಲ್ಲಿ ಬೆಳಗಿನಿಂದ ಸಂಜೆಯವರೆಗೂ ಹೋಗಿ ಬರುವ ನೊಣಗಳು. ಹಸುವಿಗೆ ಹುಲ್ಲು ಹಾಕುವಂತೆ ಇವಕ್ಕೆ ದಿನವೂ ಮೇವು ಹಾಕಬೇಕಾಗಿಲ್ಲ. ಕಾಯಲು ಆಳು ಬೇಕಾಗಿಲ್ಲ. ಆದುದರಿಂದ ಜೇನುಸಾಕಣೆಯು ಯಾರಾದರೂ ಒಬ್ಬರೇ ಮಾಡಿಕೊಳ್ಳಬಹುದಾದ ಸುಲಭವಾದ ಹವ್ಯಾಸವೆಂದು ತೋರುವುದು ಸಹಜ. ಹೀಗೆಂದುಕೊಂಡು ಉತ್ಸಾಹದಿಂದ ಪೆಟ್ಟಿಗೆಯನ್ನು ತಂದವರು ಕೆಲವೇ ತಿಂಗಳುಗಳಲ್ಲಿ ಖಾಲಿ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುವುದೂ ಉಂಟು. ನೊಣಗಳು ಏಕೆ ಹೋದುವು ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ನಮ್ಮ ನಾಡಿನಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ ಜೇನು, ಮುಜಂಟಿ ಎಂಬ ಬಗೆಗಳಿವೆ. ಹೆಜ್ಜೇನು ಎತ್ತರವಾದ ಮರದ ಕೊಂಬೆಗಳಲ್ಲಿಯೂ ಬಂಡೆಗಳಲ್ಲಿಯೂ ಒಂದೇ ದೊಡ್ಡ ಎರಿಯನ್ನು ಕಟ್ಟುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಕೋಲುಜೇನೂ ಪೆಟ್ಟಿಗೆಗೆ ಒಗ್ಗದು. ಕುಟುಕಲಾರದ ಪುಟ್ಟ ಮುಜಂಟಿಯನ್ನು ಬಿದಿರಿನ ಗಂಟಿನಲ್ಲಿಯೂ ಮಡಕೆಯಲ್ಲಿಯೂ ಸಾಕುವುದುಂಟು. ಆದರೆ ಅದರಿಂದ ದೊರೆಯುವ ಜೇನು ಸ್ವಲ್ಪ. ಮರದ ಪೊಟರೆಯ ಕತ್ತಲೆಯಲ್ಲಿ ಸಾಲುಸಾಲಾಗಿ ಎರಿಗಳನ್ನು ಕಟ್ಟುವ ತುಡುವೆಯೇ ಪೆಟ್ಟಿಗೆಯ ಬಾಳಿಗೆ ಹೊಂದಿಕೊಳ್ಳುವ ನಮ್ಮ ನೆಲದ ಜೇನು. ಅದರ ಒಂದು ಕುಟುಂಬದಲ್ಲಿ ಒಬ್ಬಳೇ ರಾಣಿ, ಕೆಲವು ನೂರು ಗಂಡುನೊಣಗಳು, ಹಲವು ಸಾವಿರ ಕೆಲಸಗಾರ ನೊಣಗಳು ಇರುತ್ತವೆ. ಹೂವಿನ ಕಾಲದಲ್ಲಿ ದುಡಿಯುವ ಕೆಲಸಗಾರ ನೊಣದ ಆಯುಷ್ಯ ಕೆಲವೇ ವಾರಗಳು. ಆದರೂ ಕುಟುಂಬವು ವರ್ಷಗಟ್ಟಲೆ ಬಾಳುತ್ತದೆ. ಒಂದು ನೊಣವಾಗಿ ಅದು ದುರ್ಬಲ, ಕುಟುಂಬವಾಗಿ ಬಲಶಾಲಿ.

ಈ ಕುಟುಂಬವು ಪೆಟ್ಟಿಗೆಯನ್ನು ಬಿಡಲು ಕಾರಣಗಳು ಅನೇಕ. ಮಳೆಗಾಲದಲ್ಲಿ ಹೂವಿಲ್ಲದೆ ಹಸಿವಾಗಬಹುದು. ಆಗ ಸಕ್ಕರೆಯ ಪಾಕವನ್ನು ಕೊಡಬೇಕು. ನೊಣಗಳು ಕಡಿಮೆಯಾದಾಗ ಮೇಣದ ಹುಳು ಎರಿಗಳನ್ನು ಕೊರೆಯಬಹುದು. ಆಗ ಹಳೆಯ ಎರಿಗಳನ್ನು ತೆಗೆದುಹಾಕಬೇಕು. ಕುಟುಂಬವು ತೀರ ಬೆಳೆದು ಎರಿಯ ಅಂಚಿನಲ್ಲಿ ರಾಣಿಕೋಶಗಳನ್ನು ಕಟ್ಟಿದರೆ ಅದು ಪಾಲಾಗಿ ಹಾರಿಹೋಗುವ ಮುನ್ಸೂಚನೆ. ಆಗ ನಾವೇ ಅದನ್ನು ಎರಡು ಪೆಟ್ಟಿಗೆಗಳಿಗೆ ಪಾಲುಮಾಡಬೇಕು. ಇವೆಲ್ಲವನ್ನೂ ಪುಸ್ತಕದಲ್ಲಿ ಓದಬಹುದು. ಆದರೆ ರಾಣಿಕೋಶವನ್ನು ಮೊದಲ ಬಾರಿಗೆ ಕಂಡವನಿಗೆ ಅದು ರಾಣಿಕೋಶವೇ ಎಂಬ ಧೈರ್ಯ ಬರುವುದು, ಪಕ್ಕದಲ್ಲಿ ನಿಂತ ಅನುಭವಿಯು ಬೆರಳಿಟ್ಟು ತೋರಿಸಿದಾಗ ಮಾತ್ರ. ಜೇನು ಸಾಕುವವರಿಗೆ ಸಂಘ ಬೇಕಾದುದು ಮೊದಲು ಇದಕ್ಕಾಗಿ.

ಇಂಥ ಸಂಘಗಳಿಗೆ ದೀರ್ಘವಾದ ಇತಿಹಾಸವಿದೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬುವನು ೧೮೫೧ರಲ್ಲಿ ಎರಿಗಳನ್ನು ಚೌಕಟ್ಟಿನೊಡನೆ ಹೊರತೆಗೆದು ಮತ್ತೆ ಇಡಬಹುದಾದ ಪೆಟ್ಟಿಗೆಯನ್ನು ರೂಪಿಸಿದನು. ಜೇನಿಗಾಗಿ ಗೂಡನ್ನೇ ನಾಶಮಾಡುವ ಅವಶ್ಯಕತೆ ಅಲ್ಲಿಗೆ ತಪ್ಪಿತು. ಇಂಗ್ಲೆಂಡಿನಲ್ಲಿ ೧೮೭೪ರಲ್ಲಿ ಬ್ರಿಟಿಷ್ ಜೇನುಸಾಕಣೆಗಾರರ ಸಂಘವು ಸ್ಥಾಪನೆಯಾಯಿತು. ಊರಿನ ಕೂಟಗಳು, ಅವುಗಳ ಮೇಲೆ ಪ್ರಾಂತದ ಸಂಘಗಳು, ಎಲ್ಲವನ್ನೂ ಕೂಡಿಸುವ ಕೇಂದ್ರ ಸಂಘ ಎಂಬ ಏರ್ಪಾಡು ಅಲ್ಲಿ ಇಂದಿಗೂ ನಡೆದುಬಂದಿದೆ. ಅದರ ಸದಸ್ಯರಲ್ಲಿ ಬಹುಮಂದಿ ಹವ್ಯಾಸಕ್ಕಾಗಿ ಒಂದೆರಡು ಪೆಟ್ಟಿಗೆಗಳನ್ನು ಇಟ್ಟುಕೊಂಡವರು.

ದಕ್ಷಿಣ ಭಾರತದಲ್ಲಿ ನ್ಯೂಟನ್ ಎಂಬ ಪಾದ್ರಿಗಳು ೧೯೧೧ರಿಂದ ೧೯೧೭ರ ಅವಧಿಯಲ್ಲಿ ತುಡುವೆ ಜೇನಿಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ರೂಪಿಸಿ ಜನರಿಗೆ ತರಬೇತಿ ನೀಡಿದರು. ಅವರ ಹೆಸರಿನ ಪೆಟ್ಟಿಗೆಯು ಇಂದಿಗೂ ಬಳಕೆಯಲ್ಲಿದೆ. ಕೊಡಗಿನ ವಿರಾಜಪೇಟೆಯಲ್ಲಿ ೧೯೩೬ರಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವು ಹುಟ್ಟಿತು. ದಕ್ಷಿಣ ಕನ್ನಡದ ಪುತ್ತೂರಿನಲ್ಲಿಯೂ ಜೇನು ವ್ಯವಸಾಯಗಾರರು ಸಹಕಾರ ಸಂಘವನ್ನು ಕಟ್ಟಿಕೊಂಡರು. ಹಳ್ಳಿಹಳ್ಳಿಗಳಲ್ಲಿ ಹರಡಿದ್ದ ಸಣ್ಣ ಸಾಕಣೆಗಾರರು ತಾವು ತೆಗೆದ ಜೇನಿಗೆ ನ್ಯಾಯವಾದ ಬೆಲೆಯನ್ನೂ ನಂಬಿಕೆಯ ಹೆಸರನ್ನೂ ಪಡೆದುದು ಇಂಥ ಸಂಘಗಳ ಮೂಲಕ.

ಆದರೆ ೧೯೯೧-೯೨ರಲ್ಲಿ ದಕ್ಷಿಣ ಭಾರತದ ಜೇನುಸಾಕಣೆಗೆ ದೊಡ್ಡ ಆಪತ್ತು ಒದಗಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ತುಡುವೆ ಕುಟುಂಬಗಳಿಗೆ ತಗುಲಿತು. ಈ ರೋಗ ಬಂದರೆ ಮರಿಹುಳುಗಳು ಕೋಶದಲ್ಲಿಯೇ ನೀರು ತುಂಬಿದ ಚೀಲದಂತಾಗಿ ಸಾಯುತ್ತವೆ. ಹೊಸ ನೊಣಗಳು ಹುಟ್ಟದೆ ಕುಟುಂಬವು ಕರಗುತ್ತದೆ. ಇದಕ್ಕೆ ಔಷಧವಿಲ್ಲ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಟುಂಬಗಳು ನಾಶವಾದುವೆಂದು ಅಂದಾಜು. ಎಷ್ಟೋ ಮನೆಗಳಲ್ಲಿ ತಲೆಮಾರಿನ ಕಸುಬು ನಿಂತುಹೋಯಿತು. ರೋಗವನ್ನು ತಾಳಿ ಉಳಿದ ಬಲವಾದ ಕುಟುಂಬಗಳಿಂದ ಮತ್ತೆ ಪಾಲುಮಾಡುತ್ತ ಜೇನನ್ನು ಹೆಚ್ಚಿಸಬೇಕಾಯಿತು. ಉಳಿದ ಕುಟುಂಬ ಯಾರ ಬಳಿ ಇದೆ, ಅದು ಆರೋಗ್ಯವಾಗಿದೆಯೇ ಎಂಬುದನ್ನು ಒಬ್ಬರು ಇನ್ನೊಬ್ಬರಿಗೆ ತಿಳಿಸದೆ ಇಂಥ ಕೆಲಸ ಸಾಗದು. ಸಂಘದ ಬೆಲೆ ತಿಳಿಯುವುದು ಇಂಥ ಕಷ್ಟಕಾಲದಲ್ಲಿ.

ಇಂಥ ಸಂಘದ ಕೆಲಸವನ್ನು ತಿಳಿಯಲು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಚನ್ನಗಿರಿಯು ಅಡಿಕೆಯ ಸೀಮೆ. ವಿಶಾಲವಾದ ಶಾಂತಿಸಾಗರವು ಇರುವುದು ಆ ತಾಲ್ಲೂಕಿನಲ್ಲಿಯೇ. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿದೆ. ಅದರಿಂದ ಬೇರೆಯಾಗಿ ಹೊಸ ತಾಲ್ಲೂಕಾದುದು ನ್ಯಾಮತಿ. ಇವುಗಳಿಗೆ ದೂರದಲ್ಲಿ, ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿದೆ ಜಗಳೂರು. ನೆಲ ಬೇರೆಯಾದಂತೆ ಹೂವಿನ ಕಾಲವೂ ಬೇರೆ. ಅಡಿಕೆಯ ಸಿಂಗಾರವು ನೊಣಗಳಿಗೆ ಪರಾಗವನ್ನು ಕೊಡುತ್ತದೆ; ತೆಂಗು ವರ್ಷವಿಡೀ ಹೂ ಬಿಡುತ್ತದೆ. ಮೆಕ್ಕೆಜೋಳದಲ್ಲಿ ಪರಾಗವುಂಟು, ಮಕರಂದವಿಲ್ಲ. ಒಣಸೀಮೆಯಲ್ಲಿ ಬೇವು, ಹೊಂಗೆ ಅರಳಿದಾಗ ಸುಗ್ಗಿ. ಹೂ ಮುಗಿದ ಮೇಲೆ ಬರ. ಒಂದು ತಾಲ್ಲೂಕಿನ ಕೊರತೆಯನ್ನು ಇನ್ನೊಂದರ ಸಮೃದ್ಧಿಯು ತುಂಬಬಲ್ಲದು. ಆದರೆ ಅದನ್ನು ಜೋಡಿಸುವ ಕೈ ಬೇಕು.

ಇಲ್ಲಿ ಹವ್ಯಾಸಿಗಳ ಸಂಘವನ್ನು ಕಟ್ಟುವುದಾದರೆ ಮೊದಲು ಊರಿನ ಮಟ್ಟದಲ್ಲಿ ಸಣ್ಣ ಕೂಟಗಳಾಗಬೇಕು. ತಿಂಗಳಿಗೊಮ್ಮೆ ಯಾರಾದರೊಬ್ಬ ಸದಸ್ಯರ ತೋಟದಲ್ಲಿ ಸೇರಿ, ಪೆಟ್ಟಿಗೆಯನ್ನು ತೆರೆದು ನೋಡಿ ಕಲಿಯುವುದು ಕೂಟದ ಕೆಲಸ. ಈ ಕೂಟಗಳು ಸೇರಿ ಒಂದು ಮಾತೃಸಂಘವಾಗಬೇಕು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, ೧೯೬೦ರ ಪ್ರಕಾರ ಏಳು ಅಥವಾ ಹೆಚ್ಚು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಇವರನ್ನು ಸದಸ್ಯರೇ ಆರಿಸಬೇಕು. ನಡವಳಿ ಪುಸ್ತಕವನ್ನೂ ಲೆಕ್ಕದ ಪುಸ್ತಕವನ್ನೂ ಇಟ್ಟು, ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಲೆಕ್ಕವನ್ನು ಓದಿ ಒಪ್ಪಿಗೆ ಪಡೆಯಬೇಕು. ಆಡಳಿತ ಸಮಿತಿಯಲ್ಲಿ ದೊಡ್ಡ ಕೂಟಕ್ಕೂ ಸಣ್ಣ ಕೂಟಕ್ಕೂ ಸಮಾನವಾದ ಸ್ಥಾನವಿದ್ದರೆ ಒಳ್ಳೆಯದು. ಹತ್ತಾರು ಸದಸ್ಯರ ಚನ್ನಗಿರಿಯ ಕೂಟವೇ ಎಲ್ಲವನ್ನೂ ತೀರ್ಮಾನಿಸಿ, ನಾಲ್ಕೈದು ಮಂದಿಯ ಜಗಳೂರಿನ ಕೂಟವು ಕೈಕಟ್ಟಿ ಕುಳಿತರೆ ಸಂಘವೆಂಬ ಹೆಸರಿಗೆ ಅರ್ಥವಿರದು.

ಮಾತೃಸಂಘವು ಕೂಟಗಳ ಮೇಲೆ ಅಧಿಕಾರ ನಡೆಸಲು ಹುಟ್ಟಿದುದಲ್ಲ. ಅವು ತಾವಾಗಿಯೇ ಮಾಡಿಕೊಳ್ಳಲಾಗದುದನ್ನು ಮಾಡಿಕೊಡಲು ಹುಟ್ಟಿದುದು. ಜೇನನ್ನು ಎರಿಯಿಂದ ಬೇರ್ಪಡಿಸುವ ಯಂತ್ರವು ಸುಗ್ಗಿಯ ಕೆಲವು ದಿನ ಮಾತ್ರ ಬೇಕಾಗುವ ವಸ್ತು. ಪ್ರತಿಯೊಬ್ಬರೂ ಅದನ್ನು ಕೊಳ್ಳುವ ಬದಲು ಸಂಘವು ಒಂದನ್ನು ಕೊಂಡು ಸರದಿಯ ಮೇಲೆ ಕೊಡಬಹುದು. ಹೊಸ ಸದಸ್ಯನಿಗೆ ಮೊದಲ ವರ್ಷ ಒಬ್ಬ ಅನುಭವಿಯನ್ನು ಜೊತೆಮಾಡಬಹುದು. ಯಾರದೋ ಗೋಡೆಯ ಬಿರುಕಿನಲ್ಲಿ ತುಡುವೆ ಸೇರಿಕೊಂಡಾಗ ಮನೆಯವರು ಬೆಂಕಿ ಹಚ್ಚುವ ಮುನ್ನ ಕೂಟದವರು ಹೋಗಿ ಅದನ್ನು ಪೆಟ್ಟಿಗೆಗೆ ಇಳಿಸಿಕೊಳ್ಳಬಹುದು. ತೋಟಗಾರಿಕೆ ಇಲಾಖೆಯ ಸಹಾಯದ ವಿಷಯವನ್ನು ವಿಚಾರಿಸಿ ಎಲ್ಲ ಕೂಟಗಳಿಗೂ ತಿಳಿಸಬಹುದು. ಜೇನನ್ನು ಮಾರುವುದಾದರೆ ಆಹಾರ ಸುರಕ್ಷತೆಯ ಕಾಯಿದೆಗೆ ಅನುಸಾರವಾಗಿ ನೋಂದಣಿ ಬೇಕು. ಜೇನಿನಲ್ಲಿ ನೀರಿನಂಶ ನೂರಕ್ಕೆ ಇಪ್ಪತ್ತನ್ನು ಮೀರಬಾರದು. ಮೇಣದ ಮುಚ್ಚಳ ಹಾಕದ ಎರಿಯ ಜೇನನ್ನು ಅವಸರದಿಂದ ತೆಗೆದರೆ ಅದು ಹುಳಿಯುತ್ತದೆ. ಒಬ್ಬ ಸದಸ್ಯನ ಅವಸರದಿಂದ ಎಲ್ಲರ ಹೆಸರೂ ಕೆಡುವುದು.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಬರುವುದು ಬರಗಾಲದಲ್ಲಿ. ಜಗಳೂರಿನಲ್ಲಿ ಹೂ ತೀರಿ ಬಿಸಿಲು ಬಲಿತಾಗ ಅಲ್ಲಿಯ ಕೂಟದ ಪೆಟ್ಟಿಗೆಗಳನ್ನು ಚನ್ನಗಿರಿಯ ಇಲ್ಲವೆ ನ್ಯಾಮತಿಯ ನೀರಾವರಿ ತೋಟಗಳಿಗೆ ಸಾಗಿಸಬಹುದು. ನೊಣಗಳೆಲ್ಲ ಗೂಡಿಗೆ ಮರಳಿದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ, ಒಂದೇ ರಾತ್ರಿಯಲ್ಲಿ ತಲುಪಿಸಿ, ಬೆಳಗಾಗುವ ಮುನ್ನ ಇಳಿಸಬೇಕು. ನೊಣಗಳು ಬದುಕುತ್ತವೆ, ತೋಟದ ಹೂಗಳಿಗೂ ಪರಾಗಸ್ಪರ್ಶವಾಗುತ್ತದೆ. ಆದರೆ ಪೆಟ್ಟಿಗೆಯೊಡನೆ ರೋಗವೂ ಸಾಗಬಹುದು. ಬಂದ ಪೆಟ್ಟಿಗೆಯಲ್ಲಿ ರೋಗವಿದ್ದರೆ ಉಪಕಾರ ಮಾಡಿದ ತೋಟದವನ ಜೇನೇ ಮೊದಲು ಹೋಗುತ್ತದೆ. ಹಾಗೆಂದು ಬಾಗಿಲು ಮುಚ್ಚಿದರೆ ಕಷ್ಟದಲ್ಲಿರುವ ಕೂಟವು ಅಳಿಯುತ್ತದೆ. ಆದುದರಿಂದ ಸಾಗಿಸುವ ಮುನ್ನ ಎರಡೂ ಕೂಟಗಳವರು ಕೂಡಿ ಎರಿಗಳನ್ನು ಪರೀಕ್ಷಿಸಬೇಕು; ಮರಿಹುಳುಗಳು ಸತ್ತಿರುವ ಪೆಟ್ಟಿಗೆಯನ್ನು ಕದಲಿಸಬಾರದು; ಹೊಸದಾಗಿ ಬಂದುವನ್ನು ಹಳೆಯವುಗಳಿಂದ ದೂರವಿಡಬೇಕು. ತನ್ನ ಪೆಟ್ಟಿಗೆಗೆ ರೋಗ ಬಂದುದನ್ನು ನಾಚಿಕೆಯಿಂದ ಮುಚ್ಚಿಡುವವನು ಅರಿಯದೆಯೇ ನೆರೆಯವನನ್ನು ಕೆಡಿಸುತ್ತಾನೆ. ನಿಜವನ್ನು ಹೇಳಿದವನನ್ನು ಹಳಿಯದೆ ಅವನ ಜೊತೆಗೆ ನಿಲ್ಲುವ ಸಂಘದಲ್ಲಿ ಮಾತ್ರ ಜನರು ನಿಜವನ್ನು ಹೇಳುತ್ತಾರೆ.

ಸಂಘದ ಮಾತು ಸದಸ್ಯರಲ್ಲಿಯೇ ನಿಲ್ಲುವಂತಿಲ್ಲ. ತುಡುವೆ ನೊಣವು ಆಹಾರಕ್ಕಾಗಿ ಸುಮಾರು ಒಂದು ಕಿಲೋಮೀಟರಿನ ಸುತ್ತಳತೆಯಲ್ಲಿ ಹಾರಾಡುತ್ತದೆ. ಅದಕ್ಕೆ ಹೊಲದ ಬದು ತಿಳಿಯದು. ಹೂ ಬಿಟ್ಟ ಬೆಳೆಗೆ ನಡುಹಗಲಿನಲ್ಲಿ ಕೀಟನಾಶಕವನ್ನು ಸಿಂಪಡಿಸಿದರೆ ನೆರೆಯ ತೋಟದ ಪೆಟ್ಟಿಗೆಗಳು ಬರಿದಾಗುತ್ತವೆ. ಹೂವಿನ ಕಾಲದಲ್ಲಿ ಸಿಂಪಡಿಸದಿರಿ, ಅನಿವಾರ್ಯವಾದರೆ ನೊಣಗಳು ಮರಳಿದ ಮೇಲೆ ಸಂಜೆ ಸಿಂಪಡಿಸಿ, ಮುಂಚಿತವಾಗಿ ತಿಳಿಸಿ ಎಂದು ಒಬ್ಬ ಹವ್ಯಾಸಿ ಕೇಳಿಕೊಂಡರೆ ರೈತನು ಕಿವಿಗೊಡಬಹುದು, ಕೊಡದಿರಬಹುದು. ಸಂಘವು ರೈತರ ಸಭೆಗೆ ಹೋಗಿ, ಅವರ ಸೂರ್ಯಕಾಂತಿ, ಕಲ್ಲಂಗಡಿಗಳು ಕಾಳುಕಟ್ಟಿ ಕಾಯಾಗಲು ನೊಣಗಳೂ ಕಾರಣವೆಂದು ವಿವರಿಸಿದರೆ ಆ ಮಾತಿಗೆ ತೂಕ ಬರುತ್ತದೆ.

ಉತ್ತಮವಾದ ಕಾಲದಲ್ಲಿ ತುಡುವೆಯ ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ೫ರಿಂದ ೧೦ ಕಿಲೋಗ್ರಾಂ ಜೇನು ದೊರೆಯಬಹುದು. ಹವ್ಯಾಸಿಗೆ ಅದು ದೊಡ್ಡ ಆದಾಯವೇನೂ ಅಲ್ಲ. ಆದರೆ ಸಂಘದ ಏಳಿಗೆಯನ್ನು ಅಳೆಯುವುದು ಜೇನಿನ ತೂಕದಿಂದಲ್ಲ. ಮಳೆಗಾಲ ಕಳೆದ ಮೇಲೆ ಎಷ್ಟು ಕುಟುಂಬಗಳು ಉಳಿದಿವೆ, ಹೊಸಬರಲ್ಲಿ ಎಷ್ಟು ಮಂದಿ ಎರಡನೆಯ ವರ್ಷವೂ ಪೆಟ್ಟಿಗೆಯನ್ನು ತೆರೆಯುತ್ತಿದ್ದಾರೆ, ಅತಿ ಸಣ್ಣ ಕೂಟವು ಇನ್ನೂ ಸಭೆ ಸೇರುತ್ತಿದೆಯೇ ಎಂಬುವೇ ಅದರ ಅಳತೆ. ಅಟ್ಟ ಸೇರಿದ ಖಾಲಿ ಪೆಟ್ಟಿಗೆಯೊಂದು ಮರಳಿ ತೋಟಕ್ಕೆ ಇಳಿದು, ಅದರ ಬಾಗಿಲಿನಲ್ಲಿ ನೊಣಗಳು ಮತ್ತೆ ಹೋಗಿ ಬರತೊಡಗಿದರೆ, ಆ ಸಂಘವು ತನ್ನ ಕೆಲಸವನ್ನು ಮಾಡಿದೆಯೆಂದು ತಿಳಿಯಬಹುದು.